ಕಡತದಲ್ಲಿ ಹಿಡಿಸದ ಕಣಿವೆ

(ಸಾಗರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಮೇಲೆ ನಿಮ್ಮಲ್ಲಿ ಎಷ್ಟು ಜನ ಹೋಗಿಬಂದಿದ್ದೀರಿ? ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ. ನಾನೂ ಹೋಗಿದ್ದೆ. ಅಂಬಾರಗೋಡ್ಲು ಕಡೆಯಿಂದ ಹತ್ತಿ ಕಳಸವಳ್ಳಿ ಕಡೆ ಇಳಿಯುವಷ್ಟರಲ್ಲಿ ಐದು ನಿಮಿಷವೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿ ತುಮರಿ ಕಡೆಯ ಹಿರಿಯರೊಬ್ಬರು ಕೂತಿದ್ದರು. ಹಿನ್ನೀರು ದಾಟುವಷ್ಟು ಹೊತ್ತೂ ಮಾತಾಡಲಿಲ್ಲ. ಆಚೆ ದಡ ಸೇರಿದ ಮೇಲೆ, "ನಮ್ಮನೆ ಬಾಣಂತೀನ ಲಾಂಚಿಗೆ ಕಾಯ್ತಾ ಇದೇ ದಡದಲ್ಲಿ ಮಲಗಿಸಿದ್ವಿ" ಅಂದರು. ಅಷ್ಟೇ ಅಂದದ್ದು.

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ನಡುವೆ 61 ವರ್ಷ. ಕಣ್ಣೆದುರೇ ಕಾಣುತ್ತಿದ್ದ ಊರಿಗೆ ದಾರಿ ಇಲ್ಲದೆ, ಲಾಂಚಿನ ವೇಳಾಪಟ್ಟಿ ನೋಡಿಕೊಂಡು ಹೆರಿಗೆ, ಹಾವು ಕಚ್ಚಿದ್ದು, ಪರೀಕ್ಷೆ, ಮದುವೆ ಎಲ್ಲವನ್ನೂ ನಡೆಸಿದ 61 ವರ್ಷ. ಈ ಕಾಲವನ್ನು ಯಾವ ಯೋಜನಾ ವರದಿ ಲೆಕ್ಕ ಹಿಡಿದಿತ್ತು? ಆ ಕಾಲಕ್ಕೆ ಅಂಥ ಲೆಕ್ಕ ಕೇಳುವ ಕಾನೂನೇ ಇರಲಿಲ್ಲ. ಈಗ ಇದೆ. ಇದ್ದೂ ಆ ಲೆಕ್ಕ ನಮಗೆ ಸಿಗುತ್ತಿದೆಯೇ ಅನ್ನುವುದೇ ಇವತ್ತಿನ ನನ್ನ ಮಾತು.

ನಾನು ಮಾತಾಡಹೊರಟಿರುವುದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ. ಯೋಜನೆ ಬೇಕೋ ಬೇಡವೋ ಎನ್ನುವ ವಾದ ನೀವು ಬಹಳ ಕೇಳಿದ್ದೀರಿ. ನಾನು ಹೇಳುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಏನನ್ನು ನೋಡುತ್ತದೆ, ಯಾವ ಕಾಗದ ಯಾರ ಮೇಜಿಗೆ ಹೋಗುತ್ತದೆ, ಅದರಲ್ಲಿ ಈ ಕಣಿವೆ ಹೇಗೆ ಕಾಣುತ್ತದೆ, ಅಷ್ಟು.

ಮೊದಲು ಯೋಜನೆ ಏನು ಅಂತ ನೇರವಾಗಿ ತಿಳಿದುಕೊಳ್ಳೋಣ. ತೋಟ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕರೆಂಟು ಇದ್ದಾಗ ಕೆಳಗಿನ ಹೊಂಡದಿಂದ ಮೇಲಿನ ತೊಟ್ಟಿಗೆ ನೀರು ಎತ್ತಿಡುತ್ತೀರಿ, ಬೇಕಾದಾಗ ಮೇಲಿನಿಂದ ಬಿಡುತ್ತೀರಿ. ಇಲ್ಲಿ ಮೇಲಿನ ತೊಟ್ಟಿ ತಲಕಳಲೆ ಜಲಾಶಯ, ಕೆಳಗಿನ ಹೊಂಡ ಗೇರುಸೊಪ್ಪ ಜಲಾಶಯ. ನಡುವೆ ನಾನೂರು ಮೀಟರಿಗೂ ಹೆಚ್ಚು ಎತ್ತರದ ವ್ಯತ್ಯಾಸ. ಗುಡ್ಡದ ಹೊಟ್ಟೆಯೊಳಗೆ ಸುರಂಗ ಕೊರೆದು, ನೆಲದಡಿಯಲ್ಲೇ ವಿದ್ಯುದಾಗಾರ ಕಟ್ಟಿ, ತಲಾ 250 ಮೆಗಾವಾಟಿನ ಎಂಟು ಯಂತ್ರ ಕೂರಿಸುವುದು. ಒಟ್ಟು 2000 ಮೆಗಾವಾಟ್. ಕಟ್ಟಹೊರಟಿರುವುದು ಕರ್ನಾಟಕ ವಿದ್ಯುತ್ ನಿಗಮ.

ಯೋಜನೆಯ ಪರ ಇರುವವರ ಮಾತನ್ನೂ ನಾನು ನಿಮ್ಮ ಮುಂದೆ ಪೂರ್ತಿಯಾಗಿಯೇ ಇಡುತ್ತೇನೆ, ಅದರಲ್ಲಿ ನಿಜವಿದೆ. ಪಾವಗಡದ ಸೌರ ಪಾರ್ಕ್ ಒಂದೇ 2050 ಮೆಗಾವಾಟ್ ಸಾಮರ್ಥ್ಯದ್ದು. ಹಗಲು ಸುರಿಯುವ ಆ ಕರೆಂಟು ಸಂಜೆ ಆರೂವರೆಗೆ ನಾವೆಲ್ಲ ಮನೆಯಲ್ಲಿ ದೀಪ ಹಾಕುವಾಗ ಇರುವುದಿಲ್ಲ. ಎಲ್ಲಾದರೂ ಕೂಡಿಡಬೇಕು. ನೀರನ್ನು ಎತ್ತರದಲ್ಲಿ ಇಡುವುದು ಕರೆಂಟು ಕೂಡಿಡುವ ಹಳೆಯ, ನಂಬಿಕಸ್ಥ ಉಪಾಯ. ಎತ್ತಲು 100 ಯೂನಿಟ್ ಖರ್ಚಾದರೆ ಇಳಿಯುವಾಗ ಸುಮಾರು 75ರಿಂದ 80 ಯೂನಿಟ್ ವಾಪಸ್ ಬರುತ್ತದೆ. ಇಲ್ಲಿ ಹೊಸ ಅಣೆಕಟ್ಟು ಇಲ್ಲ, ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ. ಎಲ್ಲ ಸರಿ. ಹಾಗಾದರೆ ತಕರಾರು ಎಲ್ಲಿ? ಆ ಎರಡು ಜಲಾಶಯಗಳ ನಡುವಿನ ಜಾಗದಲ್ಲಿ. ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಅಂದರೆ ಸಿಂಹಬಾಲದ ಮಂಗ.

ಇಂಥ ಯೋಜನೆ ಮೂರು ಬಾಗಿಲು ದಾಟಬೇಕು. ಒಂದು, 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ಪರಿಸರ ಅನುಮತಿ. ಇನ್ನೊಂದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕಾಡಿನ ಜಾಗ ಬಳಸಲು ಒಪ್ಪಿಗೆ. ಮತ್ತೊಂದು, ಅಭಯಾರಣ್ಯವಾದ್ದರಿಂದ 1972ರ ವನ್ಯಜೀವಿ ಕಾಯ್ದೆಯಡಿ ರಾಜ್ಯ ಮಂಡಳಿ, ಆಮೇಲೆ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ. ಕಾಡಿನ ಮೇಲೆ ಹಕ್ಕಿರುವ ಊರುಗಳಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಯ ಮಾತೂ ಬೇಕು. ಕೇಳಿದರೆ ಭದ್ರ ಕೋಟೆಯ ಹಾಗೆ ಅನ್ನಿಸುತ್ತದೆ. ಆದರೆ ಪ್ರತಿ ಬಾಗಿಲಲ್ಲೂ ಕೂತವರು ಯೋಜನೆಯ ಒಂದು ತುಂಡನ್ನು ಮಾತ್ರ ನೋಡುತ್ತಾರೆ. ಕಾಡಿನ ಸಮಿತಿಗೆ ಕಾಡಿನ ಹೆಕ್ಟೇರು. ವನ್ಯಜೀವಿ ಸಮಿತಿಗೆ ಅಭಯಾರಣ್ಯದ ಒಳಗಿನ ಭಾಗ. ಪರಿಸರ ಸಮಿತಿಗೆ ಯೋಜನೆಯ ಸುತ್ತ ಸಾಮಾನ್ಯವಾಗಿ 10 ಕಿ.ಮೀ. ವೃತ್ತ. ಕರೆಂಟನ್ನು ಹೊರಗೆ ಸಾಗಿಸುವ ತಂತಿಮಾರ್ಗಕ್ಕೆ ಎಷ್ಟೋ ಕಡೆ ಬೇರೆಯದೇ ಕಡತ. ಇಡೀ ಕಣಿವೆ ಯಾರ ಮೇಜಿನ ಮೇಲೂ ಇರುವುದಿಲ್ಲ.

ಈ ಹೆಕ್ಟೇರಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ನನ್ನ ಪ್ರಕಾರ ಎಲ್ಲ ಗಂಟೂ ಇಲ್ಲೇ ಇದೆ.

ಯೋಜನೆಗೆ ಕೇಳಿರುವ ಕಾಡು 54.155 ಹೆಕ್ಟೇರು. ಎಕರೆ ಲೆಕ್ಕದಲ್ಲಿ ಸುಮಾರು 134. ಕಡಿಯಬೇಕಾದ ಮರ ಹದಿನೈದು ಸಾವಿರಕ್ಕೂ ಹೆಚ್ಚು. ಅಭಯಾರಣ್ಯದ ವಿಸ್ತಾರ ಸುಮಾರು 930 ಚದರ ಕಿ.ಮೀ., ಅಂದರೆ 93,000 ಹೆಕ್ಟೇರು. ಭಾಗಿಸಿ ನೋಡಿದರೆ ಶೇಕಡಾ 0.06. ಯಾವ ಸಭೆಯಲ್ಲಾದರೂ ಈ ಅಂಕಿ ಇಟ್ಟರೆ "ಇಷ್ಟೇನಾ?" ಅನ್ನಿಸುತ್ತದೆ. ಮೊದಲ ಸಲ ಲೆಕ್ಕ ಹಾಕಿದಾಗ ನನಗೂ ಹಾಗೇ ಅನ್ನಿಸಿತ್ತು.

ಈಗ ಇನ್ನೊಂದು ಲೆಕ್ಕ. 10 ಮೀಟರ್ ಅಗಲದ ರಸ್ತೆ, ಒಂದು ಕಿ.ಮೀ. ಉದ್ದ. ಎಷ್ಟು ಹೆಕ್ಟೇರು? ಶಾಲೆಯ ಮಕ್ಕಳೂ ಹೇಳುತ್ತಾರೆ, ಒಂದೇ ಒಂದು ಹೆಕ್ಟೇರು. ಕಡತದಲ್ಲಿ ಅದು 1.00 ಅಂತ ಕೂತಿರುತ್ತದೆ. ಕಾಡಿನಲ್ಲಿ ಅದು ಒಂದು ಕಿ.ಮೀ. ಉದ್ದದ ಗೋಡೆ. ಯಾರಿಗೆ ಗೋಡೆ? ನೆಲಕ್ಕೆ ಇಳಿಯದವರಿಗೆ.

ಸಿಂಗಳೀಕ ನೆಲದ ಪ್ರಾಣಿಯಲ್ಲ. ಅದರ ಊಟ, ನಿದ್ದೆ, ಜಗಳ, ಮರಿ ಸಾಕುವುದು ಎಲ್ಲ ಮರದ ಮೇಲೇ. ಕೊಂಬೆಯಿಂದ ಕೊಂಬೆಗೆ ದಾರಿ ಇದ್ದರೆ ಅದಕ್ಕೆ ಕಾಡು ಇದೆ, ದಾರಿ ತುಂಡಾದರೆ ಅದರ ಕಾಡು ಅಲ್ಲಿಗೆ ಮುಗಿಯಿತು. ಹೆಣ್ಣು ಸಿಂಗಳೀಕ ತಡವಾಗಿ ಬೆದೆಗೆ ಬರುತ್ತದೆ, ಒಂದು ಮರಿಗೂ ಇನ್ನೊಂದಕ್ಕೂ ವರ್ಷಗಟ್ಟಲೆ ಅಂತರ. ಹತ್ತು ಹದಿನೈದು ಪ್ರಾಣಿಗಳ ಗುಂಪಿನಲ್ಲಿ ಎರಡು ತಾಯಂದಿರು ಸತ್ತರೆ ಆ ನಷ್ಟ ತುಂಬಲು ದಶಕ ಬೇಕಾಗಬಹುದು. ಪಶ್ಚಿಮಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಾಣಿ ಇಲ್ಲ. ಅದರ ಉತ್ತರದ ಕೊನೆಯ ದೊಡ್ಡ ನೆಲೆ ನಮ್ಮ ಶರಾವತಿ–ಅಘನಾಶಿನಿ ಕಾಡುಗಳು.

ಗುಂಪು ತುಂಡಾದರೆ ಏನಾಗುತ್ತದೆ ಅನ್ನುವುದಕ್ಕೆ ಊಹೆ ಬೇಡ. ತಮಿಳುನಾಡಿನ ವಾಲ್ಪಾರೈ ಹತ್ತಿರ ಪುದುತೋಟ್ಟಂ ಎಂಬಲ್ಲಿ ಟೀ ಕಾಫಿ ತೋಟಗಳ ನಡುವೆ ಸಿಕ್ಕಿಕೊಂಡ ಸಿಂಗಳೀಕಗಳಿವೆ. ಮೇಲಿನ ದಾರಿ ಕಡಿದುಹೋಗಿ ಅವು ನೆಲಕ್ಕೆ ಇಳಿದವು, ರಸ್ತೆ ದಾಟತೊಡಗಿದವು, ವಾಹನಕ್ಕೆ ಸಿಕ್ಕಿ ಸತ್ತವು. ಕೊನೆಗೆ ವನ್ಯಜೀವಿ ಸಂಶೋಧಕರು ಅರಣ್ಯ ಇಲಾಖೆಯ ಜೊತೆ ಸೇರಿ ಹಳೆಯ ಅಗ್ನಿಶಾಮಕ ಪೈಪುಗಳನ್ನು ಹೆಣೆದು ರಸ್ತೆ ಮೇಲೆ ತೂಗುಸೇತುವೆ ಕಟ್ಟಿಕೊಟ್ಟರು. ಅವು ಅದರ ಮೇಲೆ ನಡೆದಾಡುತ್ತವೆ. ಕಟ್ಟಿದವರಿಗೆ ನನ್ನ ನಮಸ್ಕಾರ. ಆದರೆ ನಮ್ಮ ಕಣಿವೆಯಲ್ಲಿ ಇವತ್ತಿನವರೆಗೆ ಇರುವ ಹಸಿರು ದಾರಿಯನ್ನು ಕಡಿದು, ಆಮೇಲೆ ಪೈಪಿನ ಸೇತುವೆ ಕಟ್ಟುತ್ತೇವೆ ಎಂದು 'ಪರಿಹಾರ ಕ್ರಮ' ಕಾಲಮ್ಮಿನಲ್ಲಿ ಬರೆದರೆ ನಾವು ಅದನ್ನು ಒಪ್ಪಬೇಕೇ?

ಕಾನೂನು ಇಲ್ಲಿ ಏನು ಹೇಳುತ್ತದೆ ನೋಡಿ. ವನ್ಯಜೀವಿ ಕಾಯ್ದೆಯ 29ನೇ ಕಲಮು. ನಮ್ಮಲ್ಲಿ ಬಹಳ ಕಡಿಮೆ ಜನ ಓದಿದ್ದು, ಎಲ್ಲರೂ ಓದಲೇಬೇಕಾದ್ದು. ಅಭಯಾರಣ್ಯದಲ್ಲಿ ಪ್ರಾಣಿಯ ನೆಲೆ ಹಾಳು ಮಾಡುವಂತಿಲ್ಲ, ಒಳಗೆ ಹೊರಗೆ ಹರಿಯುವ ನೀರನ್ನು ತಿರುಗಿಸುವಂತಿಲ್ಲ, ತಡೆಯುವಂತಿಲ್ಲ, ಹೆಚ್ಚಿಸುವಂತಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಟ್ಟರೆ ಮಾತ್ರ. ಅವರೂ ಮನಸ್ಸಿಗೆ ಬಂದ ಹಾಗೆ ಕೊಡುವಂತಿಲ್ಲ. ಆ ಕೆಲಸ ಅಲ್ಲಿನ ವನ್ಯಜೀವಿಗಳ ಸುಧಾರಣೆಗೆ, ಉತ್ತಮ ನಿರ್ವಹಣೆಗೆ ಅಗತ್ಯ ಎಂದು ಮಂಡಳಿಯ ಸಲಹೆ ಪಡೆದ ಸರ್ಕಾರಕ್ಕೆ ಮನವರಿಕೆ ಆಗಿರಬೇಕು. ರಾಜ್ಯದ ಸುಧಾರಣೆಗೆ ಅಂತಲೋ ವಿದ್ಯುತ್ ಜಾಲದ ಸುಧಾರಣೆಗೆ ಅಂತಲೋ ಕಾಯ್ದೆ ಹೇಳುವುದಿಲ್ಲ. ಗುಡ್ಡ ಸಿಡಿಸಿ ತೆಗೆಯುವ ಸುರಂಗದಿಂದ ಸಿಂಗಳೀಕಕ್ಕೆ ಏನು ಸುಧಾರಣೆ ಎಂದು ಒಂದು ಪುಟದಲ್ಲಿ ಯಾರಾದರೂ ಬರೆದುಕೊಡಲಿ, ನಾನು ಓದಲು ಸಿದ್ಧ. ಹೀಗಿದ್ದೂ ರಾಜ್ಯ ಮಂಡಳಿ ಒಪ್ಪಿತು, 2025ರ ಜೂನ್‌ನಲ್ಲಿ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಕಾರ್ಗಲ್‌ನಲ್ಲೂ ಘಟ್ಟದ ಕೆಳಗೆ ಗೇರುಸೊಪ್ಪದಲ್ಲೂ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಏನು ಹೇಳಿದರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಈ ಸಭಾಂಗಣದಲ್ಲಿ ಆವತ್ತು ಮಾತಾಡಿದವರೇ ಇದ್ದೀರಿ. ಸ್ಥಳಕ್ಕೆ ಬಂದು ನೋಡಿದ ಕೇಂದ್ರ ಸಚಿವಾಲಯದ ಪ್ರಾದೇಶಿಕ ಕಚೇರಿಯ ಅಧಿಕಾರಿ ಕಾಡಿನ ಜಾಗ ಕೊಡಬಾರದು ಎಂದು ಬರೆದರು. ಅಕ್ಟೋಬರ್ ಕೊನೆಯಲ್ಲಿ ಅರಣ್ಯ ಸಲಹಾ ಸಮಿತಿ ತೀರ್ಮಾನ ಮುಂದೂಡಿತು. ದೆಹಲಿಯ ಮೇಜಿನಲ್ಲಿ ಶೇಕಡಾ 0.06 ಆಗಿದ್ದ ಜಾಗ, ಕಾಲಿಟ್ಟು ನಡೆದವರಿಗೆ ಬೇರೆಯೇ ಆಗಿ ಕಂಡಿತು. ಇದರಿಂದ ನನಗೆ ಸಿಕ್ಕ ಧೈರ್ಯ ದೊಡ್ಡದು.

ಇನ್ನು ವರದಿಯ ವಿಷಯ. ಪರಿಸರ ಪರಿಣಾಮ ಅಂದಾಜು ವರದಿ, ಜನ ಇಐಎ ಅಂತ ಕರೆಯುವುದು. ಇದನ್ನು ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆ ಮಾಡುವವರೇ. ಬರೆಯುವವರಲ್ಲಿ ಪ್ರಾಮಾಣಿಕರಿದ್ದಾರೆ, ಅಂಥವರನ್ನು ನಾನು ಬಲ್ಲೆ. ಆದರೂ ತೋಟದ ಫಸಲಿನ ಅಂದಾಜನ್ನು ಕೇಣಿ ಹಿಡಿಯುವವನ, ಅಂದರೆ ಫಸಲು ಗುತ್ತಿಗೆ ಪಡೆಯುವವನ ಕೈಲೇ ಮಾಡಿಸಿದರೆ ನೀವು ಇನ್ನೊಂದು ಸಲ ಅಡಿಕೆ ಕೊನೆ ಎಣಿಸುವುದಿಲ್ಲವೇ? ಹಾಗೇ ಈ ವರದಿಯನ್ನೂ ಎಣಿಸಿ ನೋಡಬೇಕು.

ನಾನು ಮೊದಲ ಸಲ ಹಾಗೆ ಎಣಿಸಲು ಹೋದದ್ದು ಬಹಳ ವರ್ಷಗಳ ಹಿಂದೆ, ಬೇರೆ ಒಂದು ನದಿಯ ಯೋಜನೆಗೆ. ಹೆಸರು ಬೇಡ. ಪೂರ್ತಿ ವರದಿ ಒಂದು ಕಚೇರಿಯಲ್ಲಿ ನೋಡಲು ಸಿಗುತ್ತದೆ ಎಂದು ಪೇಪರಿನ ಪ್ರಕಟಣೆಯಲ್ಲಿತ್ತು. ಮೊದಲ ದಿನ ಹೋದಾಗ ಬೀರುವಿನ ಕೀಲಿ ಇರುವವರು ರಜೆ. ಎರಡನೇ ಸಲ ಹೋದಾಗ ಮೀಟಿಂಗು. ಮೂರನೇ ಸಲ ಸಿಕ್ಕಿತು, ಇಟ್ಟಿಗೆಯಷ್ಟು ದಪ್ಪದ ಎರಡು ಸಂಪುಟ, ಎಲ್ಲ ಇಂಗ್ಲಿಷ್. ನಕಲು ಕೊಡುವುದಿಲ್ಲ, ಬೇಕಿದ್ದರೆ ಇಲ್ಲೇ ಕೂತು ಬರೆದುಕೊಳ್ಳಿ ಅಂದರು. ಕಾರಿಡಾರಿನ ಬೆಂಚಿನಲ್ಲಿ ಕೂತು ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ. ಪ್ರಾಣಿಗಳ ಪಟ್ಟಿ ಬಂತು. ಹಕ್ಕಿ ಇತ್ತು, ಹಾವು ಇತ್ತು. ಕಪ್ಪೆಗಳ ಸಾಲಿನಲ್ಲಿ ಬೆರಳೆಣಿಕೆಯಷ್ಟು, ಅವೂ ಎಲ್ಲ ಊರ ಗದ್ದೆಯಲ್ಲೂ ಸಿಗುವಂಥವು. ನನಗೆ ನಂಬಲಾಗಲಿಲ್ಲ. ಅದು ಮಳೆಗಾಲದ ರಾತ್ರಿ ಕಪ್ಪೆಗಳ ಗದ್ದಲಕ್ಕೆ ಪಕ್ಕದಲ್ಲಿರುವವರ ಮಾತೂ ಕೇಳದಂಥ ಕಾಡು. ಎರಡು ಪುಟ ಹಿಂದೆ ತಿರುಗಿಸಿದೆ. ಕ್ಷೇತ್ರ ಸಮೀಕ್ಷೆ ನಡೆದ ತಿಂಗಳು ಕೊಟ್ಟಿದ್ದರು. ಫೆಬ್ರವರಿ ಮತ್ತು ಮಾರ್ಚ್.

ಅಷ್ಟೇ ಸಂಗತಿ. ಘಟ್ಟದ ಕಪ್ಪೆಗಳಲ್ಲಿ ಹೆಚ್ಚಿನವು ಬಾಯಿ ಬಿಡುವುದೇ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಅವು ಎಲೆಯಡಿ, ಬೇರಿನ ಸಂದಿ, ಕಲ್ಲಿನ ಬುಡ ಸೇರಿರುತ್ತವೆ. ಮಾರ್ಚ್‌ನಲ್ಲಿ ಹೋಗಿ ಕಪ್ಪೆ ಇಲ್ಲ ಎಂದು ಬರೆಯುವುದು, ಮಧ್ಯಾಹ್ನ ಹೋಗಿ ಈ ಊರಿನಲ್ಲಿ ನಕ್ಷತ್ರವಿಲ್ಲ ಎಂದು ಬರೆದ ಹಾಗೆ. ನದಿ ಕಣಿವೆ ಯೋಜನೆಗಳಿಗೆ ಮೂರು ಋತುಗಳ ಮಾಹಿತಿ ಕೇಳುವ ವಾಡಿಕೆ ಬಂದದ್ದೇ ಇದಕ್ಕಾಗಿ. ಆದ್ದರಿಂದ ವರದಿ ಕೈಗೆ ಬಂದರೆ ಮುನ್ನುಡಿ ಬಿಟ್ಟು ಮೊದಲು ಆ ಪುಟ ತೆಗೆಯಿರಿ. ಮಳೆಗಾಲದಲ್ಲಿ ಎಷ್ಟು ದಿನ ಕಾಡಿನಲ್ಲಿದ್ದರು, ಯಾವ ಜಾಗದಲ್ಲಿ, ರಾತ್ರಿ ಹೋಗಿದ್ದರೇ? ಈ ಪ್ರಶ್ನೆಗೆ ಪದವಿ ಬೇಕಿಲ್ಲ, ಇಲ್ಲಿ ಹುಟ್ಟಿದ್ದರೆ ಸಾಕು.

ಗಿಡಮರದ ಪಟ್ಟಿಯನ್ನೂ ಹಾಗೆಯೇ ನೋಡಬೇಕು. ಜೋಗದಿಂದ ಹೊನ್ನಾವರದ ದಾರಿಯಲ್ಲಿ ಕತ್ತಲೆಕಾನು ಇದೆಯಲ್ಲ, ಬಸ್ಸಿನಲ್ಲಿ ಹೋಗುವಾಗ ಹಗಲಲ್ಲೂ ತಂಪು ಕತ್ತಲೆ ಮುಖಕ್ಕೆ ಬಡಿಯುವ ಜಾಗ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ತೇವ ಆರದ ಕೆಸರಿನಲ್ಲಿ ಮರಗಳು ಮಂಡಿ ಮಡಚಿದ ಹಾಗೆ ಬೇರುಗಳನ್ನು ನೆಲದ ಮೇಲೆ ಎತ್ತಿ ಉಸಿರಾಡುತ್ತವೆ. ಕಾಲಿಟ್ಟರೆ ಮೊಣಕಾಲ ತನಕ ಹೂಳುತ್ತದೆ, ಎಳೆದರೆ ಚಪ್ಪಲಿ ಅಲ್ಲೇ. 2000ದಲ್ಲಿ ವಿಜ್ಞಾನಿಗಳು ಆ ಜಡ್ಡಿಯಿಂದ ಗೇರಿನ ಕುಟುಂಬದ ಒಂದು ಹೊಸ ಮರವನ್ನು ಜಗತ್ತಿಗೆ ಪರಿಚಯಿಸಿದರು, ಹೆಸರಿಟ್ಟದ್ದು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರಿನ ಹೆಸರನ್ನೇ ಹೊತ್ತ ಮರ. ಸಾವಿರಾರು ವರ್ಷ ಅಲ್ಲೇ ನಿಂತಿತ್ತು, ನಮಗೆ ಕಂಡದ್ದು ಮೊನ್ನೆ. ಕೆಲವೇ ತಿಂಗಳ ಸಮೀಕ್ಷೆಯಲ್ಲಿ ಕಂಡದ್ದಿಷ್ಟು ಎಂದು ಬರೆದ ಪಟ್ಟಿಯನ್ನು ಇರುವುದೇ ಇಷ್ಟು ಎಂದು ಓದಬಾರದು ಅನ್ನುವುದಕ್ಕೆ ಹೇಳಿದೆ.

ಭಾಷೆಯ ಬಗ್ಗೆ ಒಂದು ಮಾತು. ಕಾನೂನಿನ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶ ಮಾತ್ರ. ನೂರಾರು ಪುಟದ ಇಂಗ್ಲಿಷ್ ವರದಿಗೆ ಕೆಲವು ಪುಟದ ಕನ್ನಡ. ತಕರಾರು ತೆಗೆಯಬೇಕಾದ ಅಂಕಿಗಳಿರುವುದು ದೊಡ್ಡದರಲ್ಲಿ, ತಕರಾರು ತೆಗೆಯಬೇಕಾದವರ ಕೈಗೆ ಸಿಗುವುದು ಸಣ್ಣದು. 2020ರಲ್ಲಿ ಇಐಎ ಅಧಿಸೂಚನೆಯ ಹೊಸ ಕರಡು ಹಿಂದಿ ಇಂಗ್ಲಿಷಿನಲ್ಲಿ ಮಾತ್ರ ಬಂದಾಗ ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ 22 ಭಾಷೆಗಳಿಗೂ ಅನುವಾದಿಸಿ ಎಂದು ಹೇಳಿತು. ಕರಡಿಗೇ ಅನುವಾದ ಬೇಕು ಎಂದಾದರೆ, ಒಂದು ಕಣಿವೆಯ ಹಣೆಬರಹ ಬರೆಯುವ ವರದಿಗೆ ಬೇಡವೇ? ಇಲ್ಲಿ ಮೇಷ್ಟ್ರುಗಳಿದ್ದೀರಿ, ಕಾಲೇಜಿನ ಮಕ್ಕಳಿದ್ದೀರಿ. ಅಧ್ಯಾಯಕ್ಕೆ ಒಬ್ಬರಂತೆ ಹಂಚಿಕೊಂಡು ಅನುವಾದಿಸಲು ಹದಿನೈದು ದಿನ ಸಾಕು. ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಲೇಬೇಕು, ಅಂದರೆ ಸಮಯ ಇದೆ.

ಈಗ ಕಣಿವೆಯ ಕೆಳಗಿನ ತುದಿಗೆ ಹೋಗೋಣ, ಹೊನ್ನಾವರಕ್ಕೆ. ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿ.ಮೀ. ಹರಿದು ಸಮುದ್ರ ಸೇರುವ ನದಿ ನಮ್ಮದು. ಇಷ್ಟು ಚಿಕ್ಕ ನದಿಗೆ ಹಿರೇಭಾಸ್ಕರ, ಲಿಂಗನಮಕ್ಕಿ, ತಲಕಳಲೆ, ಗೇರುಸೊಪ್ಪ. ಪಕ್ಕದ ಚಕ್ರಾ, ಸಾವೇಹಕ್ಕಲು ನೀರನ್ನೂ ತಿರುಗಿಸಿ ಲಿಂಗನಮಕ್ಕಿಗೆ ತಂದಿದ್ದಾರೆ. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್, ಗೇರುಸೊಪ್ಪದ್ದು 240. ದಶಕಗಳ ಕಾಲ ರಾಜ್ಯದ ದೀಪ ಉರಿಸಿದ್ದು ಈ ನದಿ. ಅದರ ಹೆಮ್ಮೆ ನಮಗಿದೆ, ಅದರ ಮುಳುಗಡೆ ಸಂತ್ರಸ್ತರು ಇವತ್ತಿಗೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿರುವುದು ನಮಗೆ ಗೊತ್ತಿದೆ.

ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುತ್ತಲೇ ಇರುತ್ತದೆ. ಅಣೆಕಟ್ಟು ಇಲ್ಲದ ನದಿಯ ಅಳಿವೆಯಲ್ಲಿ, ಅಂದರೆ ಅದು ಸಮುದ್ರ ಸೇರುವ ಜಾಗದಲ್ಲಿ, ಹಾಗಲ್ಲ, ಬೇಸಿಗೆಯಲ್ಲಿ ನದಿ ಸೊರಗಿ ಸಮುದ್ರದ ಉಪ್ಪು ಮೇಲೆ ಏರುತ್ತದೆ, ಮಳೆಗಾಲದಲ್ಲಿ ಕೆಳಗಿಳಿಯುತ್ತದೆ. ಚಿಪ್ಪಿಕಲ್ಲು, ಬಳಚು ಎಂಬ ಚಿಪ್ಪಿನ ಜೀವಿ, ಸಿಗಡಿ ಎಲ್ಲ ಈ ಏರಿಳಿತಕ್ಕೆ ಹೊಂದಿಕೊಂಡು ಬದುಕುವ ಜೀವಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಶರಾವತಿ ಅಳಿವೆಯನ್ನೂ ಪಕ್ಕದ ಅಘನಾಶಿನಿ ಅಳಿವೆಯನ್ನೂ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಕಾಲಿನಿಂದಲೇ ತಡಕಿ ಬಳಚು ಎತ್ತುತ್ತಾರೆ, ಬುಟ್ಟಿ ತುಂಬುತ್ತದೆ, ಸಂಸಾರ ನಡೆಯುತ್ತದೆ. ಗಜನಿ ಎಂಬ ಅಳಿವೆ ಪಕ್ಕದ ಉಪ್ಪುನೆಲದ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ಕುಸಿದು ಬಳಚು ಕ್ಷೀಣಿಸಿದೆ. ಲಿಂಗನಮಕ್ಕಿ ಕಟ್ಟುವಾಗ ಹೊನ್ನಾವರದ ಬಳಚಿನ ಬುಟ್ಟಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಈಗಿನ ಯೋಜನೆ ನೀರನ್ನು ಮೇಲೆ ಕೆಳಗೆ ತಿರುಗಿಸುತ್ತದೆ, ಹೊಸ ನೀರು ಬೇಡ ಅನ್ನುತ್ತಾರೆ. ಇರಬಹುದು. ಆದರೆ ಕೆಳಗೆ ನೀರು ಬಿಡುವ ಹೊತ್ತು, ಪ್ರಮಾಣ ಬದಲಾದರೆ ಏನು? ಕೆಳಗಿನ ಊರುಗಳು ಅರವತ್ತು ವರ್ಷದಲ್ಲಿ ಈ ಹರಿವಿಗೆ ಹೊಂದಿಕೊಂಡು ತೋಟ ಮಾಡಿವೆ, ಕುಡಿಯುವ ನೀರಿನ ಯೋಜನೆ ಮಾಡಿಕೊಂಡಿವೆ. ಹರಿವು ತಗ್ಗಿದರೆ ಉಪ್ಪು ಮೇಲೇರಿ ಬಾವಿಗೆ ಬರುತ್ತದೆಯೇ ಎಂಬ ಭಯ ಅವರದು. ಈ ಪ್ರಶ್ನೆಗೆ ಉತ್ತರ 10 ಕಿ.ಮೀ. ವೃತ್ತದೊಳಗೆ ಸಿಗುವುದಿಲ್ಲ. ಉಗಮದಿಂದ ಅಳಿವೆಯ ತನಕ, ಈಗಿರುವ ಎಲ್ಲ ಅಣೆಕಟ್ಟುಗಳನ್ನೂ ಕೂಡಿಸಿ ಇಡೀ ಕಣಿವೆಯ ಒಟ್ಟು ಪರಿಣಾಮ ನೋಡಬೇಕು. ನಾನು ಕೇಳುತ್ತಿರುವುದು ಅದೊಂದನ್ನೇ. ಐದನೇ ಹೊರೆ ಹೊರಿಸುವ ಮುಂಚೆ ಬೆನ್ನ ಮೇಲಿರುವ ನಾಲ್ಕನ್ನು ತೂಗಿ ನೋಡಿ.

ಪರ್ಯಾಯದ ಬಗ್ಗೆಯೂ ವರದಿ ಹೇಳಲೇಬೇಕು. ನದಿ ಬಿಟ್ಟು ಬಂಜರು ಗುಡ್ಡದ ಮೇಲೆ ತೊಟ್ಟಿ ಕಟ್ಟಿ ಇದೇ ಪಂಪ್ಡ್ ಸ್ಟೋರೇಜ್ ಮಾಡಬಹುದು. ಆಂಧ್ರದ ಪಿನ್ನಾಪುರದಲ್ಲಿ 1680 ಮೆಗಾವಾಟಿನದು ಹಾಗೆ ಕಟ್ಟಿದ್ದಾರೆ. ಬ್ಯಾಟರಿ ಇದೆ. ಅವಕ್ಕೂ ಅವುಗಳದೇ ತೊಂದರೆಗಳಿವೆ, ನಾನು ಮಾರಾಟಕ್ಕೆ ಬಂದವನಲ್ಲ. ಹೋಲಿಸಿ ತೋರಿಸಿ ಎಂದಷ್ಟೇ ನನ್ನ ಮಾತು.

ಇದೆಲ್ಲ ನಮ್ಮಿಂದ ಆಗುವ ಕೆಲಸವೇ ಅಂತ ಒಬ್ಬರು ಬರುವಾಗ ಬಾಗಿಲಲ್ಲೇ ಕೇಳಿದರು. ಅವರಿಗಾಗಿ ಎರಡು ಕತೆ. ಒಂದು ಪಕ್ಕದ ಶಿರಸಿಯದು. ಬೇಡ್ತಿ ನದಿಗೆ 210 ಮೆಗಾವಾಟಿನ ಯೋಜನೆ ಬಂದಾಗ ದೇಶದಲ್ಲಿ ಇಐಎ ಕಾನೂನೇ ಇರಲಿಲ್ಲ. ಆ ಕಾನೂನು ಬಂದದ್ದು 1994ರಲ್ಲಿ. ಶಿರಸಿಯ ಅಡಿಕೆ ಬೆಳೆಗಾರರ ಸೊಸೈಟಿ, ನಮ್ಮ ಟಿಎಸ್ಎಸ್, 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಅರ್ಥಶಾಸ್ತ್ರಜ್ಞರನ್ನು ಊರಿಗೇ ಕರೆಸಿ ಕೂರಿಸಿ ಯೋಜನೆಯ ಲಾಭ ನಷ್ಟವನ್ನು ಬಿಡಿಬಿಡಿಯಾಗಿ ತೆಗೆದು ಹರಡಿತು. ಮುಳುಗುವ ತೋಟದ ಬೆಲೆ, ಕಾಡಿನ ಬೆಲೆ, ಸಿಗುವ ಕರೆಂಟಿನ ಬೆಲೆ. ಅಡಿಕೆ ವ್ಯಾಪಾರದ ಲೆಕ್ಕ ಬರೆಯುವ ಕೈಗಳೇ ನದಿಯ ಲೆಕ್ಕವನ್ನೂ ಬರೆದವು. ಆ ಅಣೆಕಟ್ಟು ಏಳಲಿಲ್ಲ.

ಇನ್ನೊಂದು ಕೇರಳದ ಚಾಲಕ್ಕುಡಿ ನದಿಯ ಅದಿರಪ್ಪಿಳ್ಳಿ. 163 ಮೆಗಾವಾಟಿನ ಜಲವಿದ್ಯುತ್ ಯೋಜನೆ. ಆ ಜಲಪಾತ ಸಿನಿಮಾದಲ್ಲಿ ನೀವೆಲ್ಲ ನೋಡಿರುತ್ತೀರಿ. ಮೇಲ್ಭಾಗದ ವಾಳಚ್ಚಾಲ್ ಕಾಡಿನಲ್ಲಿ ಕಾಡರ್ ಎಂಬ ಆದಿವಾಸಿಗಳು, ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳು. 1998ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಜನರನ್ನು ಕೇಳಿಲ್ಲ ಎಂದು ಕೋರ್ಟಿಗೆ ಹೋದರು, 2001ರಲ್ಲಿ ಕೇರಳ ಹೈಕೋರ್ಟ್ ಒಪ್ಪಿತು, 2002ರಲ್ಲಿ ತೃಶೂರಿನಲ್ಲಿ ಅಹವಾಲು ಸಭೆಯಾಯಿತು. ಹೊಸ ವರದಿ ಬರೆಸಿ 2005ರಲ್ಲಿ ಮತ್ತೆ ಅನುಮತಿ ಕೊಟ್ಟರು. ಆ ಹೊಸ ವರದಿಯನ್ನು ಜನರ ಮುಂದೆ ಇಟ್ಟೇ ಇಲ್ಲ ಎಂದು ಮತ್ತೆ ಕೋರ್ಟು, 2006ರಲ್ಲಿ ಅದೂ ರದ್ದು. ಮತ್ತೆ ಸಭೆ, 2007ರಲ್ಲಿ ಮೂರನೇ ಅನುಮತಿ. ಮಾಧವ ಗಾಡ್ಗೀಳ್ ಅವರ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಅದಿರಪ್ಪಿಳ್ಳಿ ಬೇಡ, ನಮ್ಮ ಹಾಸನದ ಗುಂಡ್ಯ ಜಲವಿದ್ಯುತ್ ಯೋಜನೆಯೂ ಬೇಡ ಎಂದು ಬರೆಯಿತು. ಕೊನೆಗೆ 2017ರಲ್ಲಿ ಅನುಮತಿಯ ಅವಧಿಯೇ ಮುಗಿದುಹೋಯಿತು. ಎರಡು ಸಲವೂ ಕೋರ್ಟಿನಲ್ಲಿ ನಿಂತ ಪ್ರಶ್ನೆ ಒಂದೇ, ಜನರಿಗೆ ತೋರಿಸಿದ್ದೀರಾ, ಜನರನ್ನು ಕೇಳಿದ್ದೀರಾ?

ಅದಕ್ಕೇ ಅಹವಾಲು ಸಭೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ಮತ ಎಣಿಕೆ ಇಲ್ಲ, ಇಷ್ಟು ಜನ ಬರಬೇಕು ಎಂಬ ಕೋರಂ ಇಲ್ಲ. ಇರುವುದು ದಾಖಲೆ. ಜಿಲ್ಲಾಧಿಕಾರಿಯೋ ಅವರ ಪರವಾಗಿ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದವರೋ ಅಧ್ಯಕ್ಷತೆ ವಹಿಸಬೇಕು, ಪೂರ್ತಿ ವಿಡಿಯೊ ಆಗಬೇಕು. ಘೋಷಣೆ ಕೂಗಿದರೆ ನಡಾವಳಿಯಲ್ಲಿ 'ಜನರು ವಿರೋಧ ವ್ಯಕ್ತಪಡಿಸಿದರು' ಎಂಬ ಒಂದು ಸಾಲು ಬರುತ್ತದೆ. "ವರದಿಯ ಇಂಥ ಪುಟದಲ್ಲಿ ಹೀಗಿದೆ, ನಮ್ಮ ಹಳ್ಳದಲ್ಲಿ ಹೀಗಿದೆ" ಎಂದರೆ ಅದಕ್ಕೆ ಯೋಜನೆಯವರು ಬರೆದು ಉತ್ತರ ಕೊಡಲೇಬೇಕಾಗುತ್ತದೆ. ಮುಂದೆ ಹಸಿರು ನ್ಯಾಯಮಂಡಳಿಗೆ ಹೋದರೆ ಕೈಯಲ್ಲಿ ಉಳಿಯುವುದು ಆ ಮಾತು. ಅಲ್ಲಿಗೆ ಮೇಲ್ಮನವಿ ಹಾಕಲು 30 ದಿನ, ತಡಕ್ಕೆ ಕಾರಣ ಕೊಟ್ಟರೆ ಹೆಚ್ಚೆಂದರೆ ಇನ್ನೂ 60 ದಿನ. ಇದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ನಿಯಮವಿದೆ. ಸಭೆ ಮುಗಿಯುವಾಗ ಯಾರು ಏನು ಹೇಳಿದರು ಎಂಬುದರ ನಡಾವಳಿಯನ್ನು ಅಲ್ಲೇ, ಸ್ಥಳೀಯ ಭಾಷೆಯಲ್ಲಿ, ಸೇರಿದವರಿಗೆ ಓದಿ ಹೇಳಬೇಕು. ಆ ಹೊತ್ತಿಗೆ ಸಂಜೆಯಾಗಿರುತ್ತದೆ, ಕೊನೆಯ ಬಸ್ಸಿಗೆ ಜನ ಹೊರಟಿರುತ್ತಾರೆ. ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಸಭೆಯಲ್ಲಿ ನಾನಿದ್ದೆ. ಬೆಳಿಗ್ಗೆ ಶಾಮಿಯಾನದಲ್ಲಿ ಕಾಲಿಡಲು ಜಾಗವಿರಲಿಲ್ಲ, ಓದುವ ಹೊತ್ತಿಗೆ ಇಪ್ಪತ್ತು ಜನ ಇದ್ದೆವೇನೋ. ಗುಮಾಸ್ತರು ಬೇಗ ಬೇಗ ಓದುತ್ತಿದ್ದರು. ಕುರ್ಚಿ ಎತ್ತುವವರು ಹಿಂದಿನ ಸಾಲಿನಿಂದ ಕುರ್ಚಿ ಮಡಚುತ್ತಾ ಬರುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು, ಖಾಲಿ ಬುಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದವಳು, ಎದ್ದು ನಿಂತಳು.

"ಈಗ ಓದಿದ್ದು ನನ್ನ ಮಾತಲ್ವಾ, ಇನ್ನೊಂದ್ಸಲ ಓದಿ."

ಅವರು ಓದಿದರು. ಯೋಜನೆಯಿಂದ ಮೀನುಗಾರಿಕೆಗೆ ತೊಂದರೆಯಾಗುವುದೆಂದು ತಿಳಿಸಿದರು, ಅಂತ ಇತ್ತು.

"ನಾ ಮೀನು ಅಂತ ಹೇಳ್ಲಿಲ್ಲ. ಬಳಚು ಅಂದೆ. ಮೀನು ಹಿಡಿಯೂದು ಗಂಡಸ್ರು, ಅವ್ರು ದೋಣಿ ತಕಂಡು ಬೇರೆ ಕಡೆ ಹೋಗ್ತ್ರು. ಬಳಚು ತೆಗಿಯೂದು ನಾವು. ನಮ್ಗೆ ದೋಣಿ ಇಲ್ಲ."

ಅಧಿಕಾರಿ ಒಂದು ಗಳಿಗೆ ಸುಮ್ಮನಿದ್ದು, ಗುಮಾಸ್ತರ ಕಡೆ ನೋಡಿ ತಲೆಯಾಡಿಸಿದರು. ಗುಮಾಸ್ತರು ಪೆನ್ನು ತೆಗೆದು 'ಮೀನುಗಾರಿಕೆ' ಎಂಬುದನ್ನು ಹೊಡೆದುಹಾಕಿ, ಮೇಲೆ ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು. ಓದಲು ಬರುತ್ತಿತ್ತೋ ಇಲ್ಲವೋ, ನನ್ನನ್ನು ಕರೆದು "ಸಮಾ ಬರ್ದಾರಾ ನೋಡಿ" ಅಂದಳು. ನೋಡಿದೆ. ಬಳಚು ಅಂತಲೇ ಬರೆದಿದ್ದರು.